ಲೇಸ್ ಶಾಲಿನ ಅಂಚು ಬಿಗಿಯಾಗಿದೆ, ಬ್ಲಾಕಿಂಗ್ ಮಾಡಿದರೆ ಸರಿಹೋಗುತ್ತಾ?

ಸಂಜೆ_ಹೆಣಿಗೆ:

ಎಲ್ಲರಿಗೂ ನಮಸ್ಕಾರ. ಹಬ್ಬಕ್ಕೆ ಅತ್ತೆಗೆ ಕೊಡೋಣ ಅಂತ ತ್ರಿಕೋನದ ಲೇಸ್ ಶಾಲು ಹೆಣೆದಿದ್ದೇನೆ. ಕುತ್ತಿಗೆ ಹತ್ತಿರ ಶುರುವಾಗಿ ಕೆಳಗೆ ಬರುವ ಪ್ಯಾಟರ್ನ್, ಮಧ್ಯದಲ್ಲಿ ಒಂದು ಕುಣಿಕೆಯ ಗೆರೆ, ಎರಡು ಸಾಲಿಗೊಮ್ಮೆ 4 ಕುಣಿಕೆ ಹೆಚ್ಚುತ್ತೆ. ನೂಲು ತೆಳು, 100 ಗ್ರಾಂಗೆ 400 ಮೀಟರ್ ಬರುವಂಥದ್ದು. ಕಡ್ಡಿ 4 ಮಿ.ಮೀ.

ಕೊನೆಯ ಸಾಲಿನ ಕುಣಿಕೆ ಮುಚ್ಚಿ, ಅಂದರೆ ಬಿಚ್ಚದ ಹಾಗೆ ಕಡ್ಡಿಯಿಂದ ಇಳಿಸಿ, ನೆಲದ ಮೇಲೆ ಹರಡಿದರೆ ಚಪ್ಪಟೆಯಾಗಿ ಕೂರುತ್ತಲೇ ಇಲ್ಲ. ಕೆಳಗಿನ ಅಂಚು ಒಳಗೆ ಎಳೆದುಕೊಂಡು ಇಡೀ ಶಾಲು ಬಟ್ಟಲಿನ ಹಾಗೆ ಮೇಲೇಳುತ್ತೆ. ಲೇಸಿನ ತೂತುಗಳೂ ಮುದುಡಿಕೊಂಡಿವೆ, ಎಲೆಯ ಆಕಾರ ಕಾಣೋದೇ ಇಲ್ಲ. ಅಳತೆಯೂ ಪ್ಯಾಟರ್ನ್‌ನಲ್ಲಿ ಹೇಳಿದ್ದಕ್ಕಿಂತ ತುಂಬಾ ಸಣ್ಣ. ಜೊತೆಗೆ ಮಧ್ಯದ ಗೆರೆಯ ಎಡಗಡೆ ಒಂದು ಕುಣಿಕೆ ಕಮ್ಮಿ ಬಂದಿದೆ. ಬ್ಲಾಕಿಂಗ್ ಮಾಡಿದರೆ, ಅಂದರೆ ನೆನೆಸಿ ಎಳೆದು ಪಿನ್ ಹಾಕಿ ಒಣಗಿಸಿದರೆ, ಇದೆಲ್ಲ ಸರಿಹೋಗುತ್ತಾ, ಬಿಚ್ಚಲೇಬೇಕಾ? ನೂಲಿನ ಲೇಬಲ್ ಕಳೆದುಹೋಗಿದೆ. 6 ಗ್ರಾಂ ನೂಲು ಉಳಿದಿದೆ.

ಉಲ್ಲನ್_ಉಂಡೆ:

ಮೇಡಂ, ನೀವು ಹೇಳಿದ್ದರಲ್ಲಿ ಬೇರೆ ಬೇರೆ ತೊಂದರೆಗಳಿವೆ, ಎಲ್ಲಕ್ಕೂ ಒಂದೇ ಮದ್ದು ಇಲ್ಲ.

ತೂತು ಮುದುಡಿರೋದು, ಅಳತೆ ಸಣ್ಣ ಕಾಣೋದು ತೊಂದರೆಯೇ ಅಲ್ಲ. ಕಡ್ಡಿಯಿಂದ ಇಳಿಸಿದ ಲೇಸ್ ಯಾವಾಗಲೂ ಹಾಗೇ ಇರುತ್ತೆ. ನೆನೆಸಿ, ಎಳೆದು ಪಿನ್ ಹಾಕಿ ಒಣಗಿಸಿದ ಮೇಲೇ ಅದರ ನಿಜವಾದ ರೂಪ ಕಾಣೋದು. ಅದಕ್ಕೂ ಮೊದಲು ಲೇಸ್ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ತೀರ್ಮಾನ ಮಾಡಲೇಬೇಡಿ.

ಆದರೆ ಬಿಗಿ ಅಂಚು ಬ್ಲಾಕಿಂಗ್‌ನಿಂದ ಸರಿಹೋಗಲ್ಲ. ಮುಚ್ಚಿದ ಅಂಚಿನಲ್ಲಿ ಎಷ್ಟು ನೂಲು ಕೂತಿದೆಯೋ ಅಷ್ಟೇ ಅದು ಹಿಗ್ಗೋದು. ಜೋರಾಗಿ ಎಳೆದರೆ ನೂಲು ಕಿತ್ತುಹೋಗುತ್ತೆ. ಇಲ್ಲದಿದ್ದರೆ ಪಿನ್ ತೆಗೆದ ತಕ್ಷಣ ಮತ್ತೆ ಮೇಲೇಳುತ್ತೆ. ಹಾಗಾಗಿ ಅಂಚನ್ನು ಮಾತ್ರ ಬಿಚ್ಚಿ. ಬೇರೆ ಏನನ್ನೂ ಮುಟ್ಟಬೇಡಿ.

ಕೊನೆಯಲ್ಲಿ ಮುಚ್ಚಿದ ಕುಣಿಕೆಯಿಂದ ಹಿಂದಕ್ಕೆ ಬಿಚ್ಚುತ್ತಾ ಬನ್ನಿ, ಬಿಟ್ಟ ಕುಣಿಕೆಗಳನ್ನು ಆಗಾಗಲೇ ಸಣ್ಣ ಕಡ್ಡಿಗೆ, 3 ಮಿ.ಮೀ. ಆದರೂ ಸಾಕು, ಏರಿಸಿಕೊಳ್ಳಿ. ದಪ್ಪ ಕಡ್ಡಿ ತೂರಿಸಲು ಹೋದರೆ ಪಕ್ಕದ ಕುಣಿಕೆ ಜಾರುತ್ತೆ. ಎಲ್ಲ ಏರಿಸಿದ ಮೇಲೆ ಬಲಗೈಗೆ 5 ಮಿ.ಮೀ. ಕಡ್ಡಿ ತಗೊಂಡು ಹೀಗೆ ಮುಚ್ಚಿ: ಎರಡು ಕುಣಿಕೆ ಹೆಣೆಯಿರಿ, ಆ ಎರಡನ್ನೂ ಎಡಗಡ್ಡಿಗೆ ವಾಪಸ್ ಹಾಕಿ, ಕುಣಿಕೆಗಳ ಹಿಂಬದಿಯ ಎಳೆಯಲ್ಲಿ ಕಡ್ಡಿ ತೂರಿಸಿ ಎರಡನ್ನೂ ಸೇರಿಸಿ ಹೆಣೆಯಿರಿ. ಬಲಗಡ್ಡಿಯಲ್ಲಿ ಒಂದು ಉಳಿಯುತ್ತೆ. ಇನ್ನೊಂದು ಹೆಣೆಯಿರಿ, ಮತ್ತೆ ಎರಡನ್ನೂ ವಾಪಸ್, ಮತ್ತೆ ಸೇರಿಸಿ. ಕೊನೆವರೆಗೂ ಇಷ್ಟೇ. ಒಂದು ಕುಣಿಕೆಯನ್ನು ಇನ್ನೊಂದರ ಮೇಲೆ ದಾಟಿಸುವ ಮಾಮೂಲಿ ಮುಚ್ಚುವಿಕೆಗಿಂತ ಇದು ಚೆನ್ನಾಗಿ ಹಿಗ್ಗುತ್ತೆ.

ಇಪ್ಪತ್ತು ಕುಣಿಕೆ ಆದ ಮೇಲೆ ನಿಲ್ಲಿಸಿ, ಎರಡೂ ಕೈಯಲ್ಲಿ ಅಂಚು ಹಿಡಿದು ಎಳೆದು ನೋಡಿ. ಮೇಲಿನ ಲೇಸ್ ಎಷ್ಟು ಅಗಲವಾಗುತ್ತೋ ಅಂಚೂ ಅಷ್ಟೇ ಅಗಲವಾಗಬೇಕು. ಅಂಚು ಮೊದಲು ಬಿಗಿಯಾಗಿ ನಿಂತರೆ ಇನ್ನೂ ಒಂದು ಸೈಜ್ ದೊಡ್ಡ ಕಡ್ಡಿಗೆ ಹೋಗಿ.

ನೂಲಿನ ಚಿಂತೆ ಬೇಡ. 6 ಗ್ರಾಂ ಅಂದರೆ ನಿಮ್ಮ ನೂಲಿನಲ್ಲಿ ಸುಮಾರು 24 ಮೀಟರ್. ಎಳೆದು ಹರಡಿದ ಅಂಚು 2 ಮೀಟರ್ ಇದ್ದರೂ, ಅದರ ನಾಲ್ಕೈದು ಪಟ್ಟು ನೂಲು ಸಾಕಾಗುತ್ತೆ. ಬಿಚ್ಚಿದ ನೂಲೂ ಕೈಲಿರುತ್ತೆ.

ನಾಲ್ಕನೇ_ಕಡ್ಡಿ:

ಕಮ್ಮಿ ಬಂದ ಕುಣಿಕೆ ಬಗ್ಗೆ ನಾನು ಹೇಳ್ತೀನಿ. ಎಲೆಗಳು ಕೊನೆವರೆಗೂ ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ನೋಡಿ. ಕೂತಿದ್ದರೆ ತಪ್ಪಿರೋದು ಕೊನೆಯ ಪ್ಯಾಟರ್ನ್ ಸಾಲಿನಲ್ಲೇ, ಒಂದು ಯಾರ್ನ್ ಓವರ್ (ಕಡ್ಡಿಗೆ ನೂಲು ಸುತ್ತಿ ತೂತಿನ ಜೊತೆ ಹೊಸ ಕುಣಿಕೆ ಮಾಡೋದು) ಬಿಟ್ಟುಹೋಗಿರುತ್ತೆ. ಮೇಲೆಲ್ಲೋ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದೆ ಆ ಕಡೆಯ ಡಿಸೈನ್ ಪೂರ್ತಿ ಒಂದು ಕುಣಿಕೆ ಸರಿದಿರುತ್ತಿತ್ತು.

ಅಂಚು ಬಿಚ್ಚಿ ಕುಣಿಕೆಗಳು ಕಡ್ಡಿ ಮೇಲಿದ್ದಾಗಲೇ ಸರಿ ಮಾಡಿಬಿಡಿ. ಬಲಗಡೆಯ ಜೊತೆ ಹೋಲಿಸಿ, ತೂತು ಇರಬೇಕಾಗಿದ್ದ ಜಾಗ ಹುಡುಕಿ. ಅಲ್ಲಿ ಎರಡು ಕುಣಿಕೆ ಮಧ್ಯೆ ಅಡ್ಡ ಎಳೆಗಳು ಕಾಣುತ್ತವೆ, ಒಂದರ ಮೇಲೊಂದು. ಪ್ಯಾಟರ್ನ್ ಸಾಲಿನ ಎಳೆಯನ್ನು, ಅಂದರೆ ಕೆಳಗಿನದ್ದನ್ನು, ಕ್ರೋಶಾ ಕಡ್ಡಿಯಲ್ಲಿ ಎತ್ತಿಕೊಳ್ಳಿ. ಅದರೊಳಗಿಂದ ಮೇಲಿನ ಪರ್ಲ್ ಸಾಲಿನ (ಹಿಂಬದಿಯಿಂದ ಉಲ್ಟಾ ಹೆಣೆದ ಸಾಲಿನ) ಎಳೆ ಎಳೆದು ಕಡ್ಡಿಗೆ ಹಾಕಿ. ಎಳೆ ತಿರುಚಬೇಡಿ, ತಿರುಚಿದರೆ ತೂತು ಮುಚ್ಚಿಹೋಗುತ್ತೆ. ಈಗ ಆ ತೂತು ಉಳಿದವಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಣಬಹುದು, ಪಿನ್ ಹಾಕಿದಾಗ ಅಕ್ಕಪಕ್ಕದ ನೂಲು ಹಂಚಿಕೊಂಡು ಸರಿಹೋಗುತ್ತೆ.

ಆಮೇಲೆ ನೂಲು ಯಾವುದು ಅಂತ ತಿಳಿಯದೆ ಬ್ಲಾಕಿಂಗ್‌ಗೆ ಕೈ ಹಾಕಬೇಡಿ. ಒಂದು ತುಂಡು ನೂಲನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟು, ತುದಿಗೆ ಬೆಂಕಿ ಮುಟ್ಟಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯ ಹಾಗೆ ನಿಂತರೆ ಅಕ್ರಿಲಿಕ್ ಅಥವಾ ಬೇರೆ ಸಿಂಥೆಟಿಕ್. ಅಕ್ರಿಲಿಕ್ ಆದರೆ ನೆನೆಸಿ ಎಳೆದ ಆಕಾರ ನಿಲ್ಲಲ್ಲ, ಹಬೆ ಬೇಕು. ಪಿನ್ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿಸದೆ ಮೇಲಿಂದ ಹಬೆ ಮಾತ್ರ ಬಿಡಿ. ಬಿಸಿ ಜಾಸ್ತಿಯಾದರೆ ಬಟ್ಟೆ ಜೋತುಬೀಳುತ್ತೆ, ಮತ್ತೆ ಮೊದಲಿನ ಹಾಗೆ ಆಗಲ್ಲ.

ಸಂಜೆ_ಹೆಣಿಗೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಸುಟ್ಟು ನೋಡಿದೆ, ಕೂದಲಿನ ವಾಸನೆ, ಬೂದಿ ಪುಡಿಯಾಯಿತು. ಎಲೆಗಳು ಸರಿಯಾಗಿಯೇ ಕೂತಿವೆ, ಕೊನೆಯ ಸಾಲಿನಲ್ಲೇ ಬಿಟ್ಟುಹೋಗಿತ್ತು. ಕುಣಿಕೆ ಎತ್ತಿಕೊಂಡು 5 ಮಿ.ಮೀ. ಕಡ್ಡಿಯಲ್ಲಿ ಮುಚ್ಚುತ್ತಿದ್ದೇನೆ, ಅಂಚು ಈಗಾಗಲೇ ನೆಲಕ್ಕೆ ಕೂರುತ್ತಿದೆ.

ಇನ್ನೊಂದು ಪ್ರಶ್ನೆ. ಮೈದುನನಿಗೆ ಸೂಪರ್‌ವಾಶ್ (ಮೆಷಿನ್‌ನಲ್ಲಿ ಒಗೆಯಬಹುದಾದ) ಉಣ್ಣೆಯಲ್ಲಿ ಸ್ವೆಟರ್ ಶುರು ಮಾಡಬೇಕು. ಸ್ಯಾಂಪಲ್ ತುಂಡು ಹೆಣೆದಾಗ 10 ಸೆಂ.ಮೀ.ಗೆ 22 ಕುಣಿಕೆ, ತೊಳೆದ ಮೇಲೆ 20. ಯಾವ ಲೆಕ್ಕ ಹಿಡಿಯಲಿ?

ಉಲ್ಲನ್_ಉಂಡೆ:

ತೊಳೆದ ಮೇಲಿನದ್ದೇ, ಬೇರೆ ಮಾತೇ ಇಲ್ಲ. ಎದೆಸುತ್ತು 100 ಸೆಂ.ಮೀ. ಬೇಕು ಅಂತ 22ರ ಲೆಕ್ಕದಲ್ಲಿ 220 ಕುಣಿಕೆ ಹಾಕಿದರೆ, ಮೊದಲ ಸಲ ಒಗೆದಾಗ ಅದು 110 ಸೆಂ.ಮೀ. ಆಗುತ್ತೆ. 20ರ ಲೆಕ್ಕದಲ್ಲಿ 200 ಹಾಕಿ. ಹೆಣೆಯುವಾಗ ಚಿಕ್ಕದಾಯಿತೇನೋ ಅನಿಸುತ್ತೆ, ಧೈರ್ಯವಾಗಿ ಮುಂದುವರಿಸಿ. ಉದ್ದಕ್ಕೂ ಇದೇ ಮಾತು, ತೊಳೆದ ಮೇಲಿನ ಸಾಲುಗಳನ್ನೂ ಎಣಿಸಿಕೊಳ್ಳಿ. ಸ್ವೆಟರನ್ನು ಸುತ್ತಾಗಿ ಹೆಣೆಯೋದಾದರೆ ಸ್ಯಾಂಪಲ್ ಕೂಡ ಸುತ್ತಾಗೇ ಇರಲಿ, ತಿರುಗಿಸಿ ತಿರುಗಿಸಿ ಹೆಣೆದರೆ ಬರುವ ಪರ್ಲ್ ಸಾಲಿನಲ್ಲಿ ಬಹಳ ಜನರ ಕೈ ಬಿಗಿ ಬದಲಾಗುತ್ತೆ. ಒದ್ದೆ ಸ್ವೆಟರನ್ನು ನೇತುಹಾಕಬಾರದು ಅಂತ ಅವರಿಗೆ ಒಂದು ಚೀಟಿ ಬರೆದು ಕೊಡಿ.

ಅತ್ತೆಯವರಿಗೂ ಚೀಟಿ ಬೇಕು ಮೇಡಂ. ಲೇಸ್ ಶಾಲನ್ನು ಪ್ರತಿಸಲ ತೊಳೆದಾಗಲೂ ಮತ್ತೆ ಹರಡಿ ಪಿನ್ ಹಾಕಬೇಕು. ಅದು ಅವರಿಗೆ ಕಷ್ಟ ಅನ್ನೋದಾದರೆ ತೊಳೆಯುವ ಕೆಲಸ ನೀವೇ ಇಟ್ಟುಕೊಳ್ಳಿ. ಇಷ್ಟು ಶ್ರಮಪಟ್ಟ ಶಾಲು ಪೆಟ್ಟಿಗೆಯಲ್ಲಿ ಕೂರೋದಕ್ಕಿಂತ ಅವರ ಹೆಗಲ ಮೇಲಿರೋದು ಒಳ್ಳೆಯದು ಅಲ್ವಾ.

ಸಂಜೆ_ಹೆಣಿಗೆ:

ಖಂಡಿತ, ನಾನೇ ತೊಳೆದುಕೊಡ್ತೀನಿ. ನೂಲಿನ ತುದಿಗಳನ್ನು ನೆನೆಸುವ ಮೊದಲೇ ಒಳಗೆ ಸೇರಿಸಿ ಕತ್ತರಿಸಲಾ?

ನಾಲ್ಕನೇ_ಕಡ್ಡಿ:

ಸೇರಿಸಿ, ಕತ್ತರಿಸಬೇಡಿ. ಬೆರಳುದ್ದ ಹೊರಗೆ ಬಿಡಿ. ಎಳೆದು ಪಿನ್ ಹಾಕುವಾಗ ನೂಲು ಒಳಗೆ ಸರಿಯುತ್ತೆ, ಮೊದಲೇ ಕತ್ತರಿಸಿದ್ದರೆ ತುದಿ ಹೊರಗೆ ಬಂದು ಬಿಚ್ಚಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಯಲಿ, ಉಜ್ಜಬೇಡಿ, ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಮೊದಲು ಮೇಲಿನ ಅಂಚು ನೇರಕ್ಕೆ ಪಿನ್ ಮಾಡಿ, ಆಮೇಲೆ ಮಧ್ಯದ ಗೆರೆಯ ತುದಿ ಎಳೆದು ಹಿಡಿಯಿರಿ, ಉಳಿದ ಮೊನೆಗಳು ಕೊನೆಗೆ. ತುಕ್ಕು ಹಿಡಿಯದ ಪಿನ್ ಆಗಿರಲಿ. ಪೂರ್ತಿ ಒಣಗಿ ಪಿನ್ ತೆಗೆದ ಮೇಲೆ ತುದಿ ಕತ್ತರಿಸಿ.