ಓದುಗರ ಸ್ಪಂದನ: ಭೋಗ್ಯದ ಹಣದಿಂದ ಕಂತಿನ ಹೊರೆ ಇಳಿದೀತೆ?

ಸಮಸ್ಯೆ: ಬಾಡಿಗೆಯ ಆದಾಯಕ್ಕೆಂದು ಬೆಂಗಳೂರಿನಲ್ಲಿ 40 ಲಕ್ಷ ರೂಪಾಯಿ ಸಾಲ ಮಾಡಿ ಫ್ಲ್ಯಾಟ್ ಕೊಂಡಿದ್ದೇನೆ. ಶೇ 8.5ರ ಬಡ್ಡಿ, 20 ವರ್ಷದ ಅವಧಿ, ತಿಂಗಳ ಕಂತು 34,700. ಬಾಡಿಗೆ 22,000 ಬರುತ್ತಿತ್ತು. ಮನೆ ಖಾಲಿಯಾಗಿ ಮೂರು ತಿಂಗಳಾಯಿತು. ಮೂರು ವರ್ಷಕ್ಕೆ 15 ಲಕ್ಷದಂತೆ ಭೋಗ್ಯಕ್ಕೆ ಕೊಟ್ಟು, ಆ ಹಣವನ್ನು ಸಾಲಕ್ಕೆ ಕಟ್ಟಿಬಿಡಿ ಎಂದು ಬ್ರೋಕರ್ ಹೇಳುತ್ತಿದ್ದಾರೆ. ಏನು ಮಾಡಲಿ?

ಪತ್ರ ಬರೆದ ಸಹೋದರಿಯವರಿಗೆ,

ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಬ್ರೋಕರ್ ಹೇಳದ ಲೆಕ್ಕವನ್ನು ಮೊದಲು ನೋಡಿ. 15 ಲಕ್ಷವನ್ನು ಸಾಲಕ್ಕೆ ಕಟ್ಟಿದರೆ ತಿಂಗಳಿಗೆ ಉಳಿಯುವ ಬಡ್ಡಿ ಸುಮಾರು 10,600. ಕೈಬಿಟ್ಟುಹೋಗುವ ಬಾಡಿಗೆ 22,000. ಉಳಿದ 25 ಲಕ್ಷಕ್ಕೆ ಕಂತನ್ನು ಇಳಿಸಿಕೊಂಡರೂ ತಿಂಗಳಿಗೆ ಸುಮಾರು 21,700ನ್ನು ಪೂರ್ತಿ ಸಂಬಳದಿಂದಲೇ ಕಟ್ಟಬೇಕು. ಬಾಡಿಗೆ ಬರುತ್ತಿದ್ದಾಗ ನೀವು ಕೈಯಿಂದ ಹಾಕುತ್ತಿದ್ದುದು 12,700 ಮಾತ್ರವಲ್ಲವೇ? ಭೋಗ್ಯವೂ ಒಂದು ಸಾಲವೇ. ಮೂರು ವರ್ಷದ ನಂತರ ಆ 15 ಲಕ್ಷವನ್ನು ಇಡಿಯಾಗಿ ಹಿಂದಿರುಗಿಸಬೇಕು, ಆದರೆ ಅದು ಆಗಲೇ ಬ್ಯಾಂಕಿಗೆ ಸೇರಿರುತ್ತದೆ.

ಮನೆ ಬ್ಯಾಂಕಿಗೆ ಅಡಮಾನವಾಗಿದೆ ಎಂಬುದನ್ನೂ ಮರೆಯಬೇಡಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 65ಎ ಕಲಮಿನ ಪ್ರಕಾರ, ಅಡಮಾನದ ಕಟ್ಟಡವನ್ನು ಮಾಲೀಕರು ಬಾಡಿಗೆಗೆ ಕೊಡುವಾಗ ನ್ಯಾಯವಾದ ಬಾಡಿಗೆ ನಿಗದಿಯಾಗಿರಬೇಕು, ಅದನ್ನು ಮುಂಗಡವಾಗಿ ಪಡೆಯುವಂತಿಲ್ಲ, ಅವಧಿ ಮೂರು ವರ್ಷ ಮೀರುವಂತಿಲ್ಲ. ಸಾಲಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಷರತ್ತೂ ಇರಬಹುದಾದ್ದರಿಂದ, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಭೋಗ್ಯದ ಮಾತೇ ಬೇಡ. ನಾಳೆ ಕಂತು ತಪ್ಪಿ ಬ್ಯಾಂಕು ಮನೆಯನ್ನು ವಶಪಡಿಸಿಕೊಂಡರೆ, ಹಣ ಕೊಟ್ಟು ಒಳಗಿರುವ ಆ ಸಂಸಾರ ಬೀದಿಗೆ ಬರುತ್ತದೆ.
– ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ನಮ್ಮ ಮನೆಯ ಮಹಡಿಯನ್ನು ಭೋಗ್ಯಕ್ಕೆ ಕೊಟ್ಟು, ಬಂದ ಹಣವನ್ನು ಮಗಳ ಮದುವೆಗೆ ಖರ್ಚು ಮಾಡಿದ್ದೆವು. ಅವಧಿ ಮುಗಿದಾಗ ಹೊಸ ಭೋಗ್ಯದವರು ಸಿಗಲಿಲ್ಲ. ಮೇಲಿನವರು ಪಾತ್ರೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ, ಒಂದೇ ಕುಕ್ಕರು ಹೊರಗಿಟ್ಟುಕೊಂಡು, ಒಂದು ತಿಂಗಳು ನಮ್ಮ ಹಣಕ್ಕೆ ಕಾದರು. ಮೆಟ್ಟಿಲಲ್ಲಿ ಎದುರಾದಾಗ ಆ ಹೆಣ್ಣುಮಗಳು ಏನೂ ಕೇಳುತ್ತಿರಲಿಲ್ಲ, ನನಗೇ ತಲೆಯೆತ್ತಲು ಆಗುತ್ತಿರಲಿಲ್ಲ. ಕೊನೆಗೆ ನನ್ನ ಬಳೆಗಳನ್ನು ಅಡವಿಟ್ಟು ತೀರಿಸಿದೆವು.
– ಗೃಹಿಣಿ, ದಾವಣಗೆರೆ

ಮೂರು ತಿಂಗಳು ಬೀಗ ಹಾಕಿದ್ದಕ್ಕೆ ನಿಮಗಾದ ನಷ್ಟ 66,000 ರೂಪಾಯಿ. ಬಾಡಿಗೆಯನ್ನು 2,000 ಇಳಿಸಿ ಮೊದಲ ದಿನವೇ ಕೊಟ್ಟಿದ್ದರೆ ಅಷ್ಟು ಕಳೆದುಕೊಳ್ಳಲು 33 ತಿಂಗಳು ಬೇಕಾಗುತ್ತಿತ್ತು. 22,000ವೇ ಬರಲಿ ಎಂಬ ಹಟವನ್ನು ಬಿಡಿ. ನಾನೂ ಹಾಗೆಯೇ ಹಟ ಹಿಡಿದು, ಒಂದು ಇಡೀ ಮಳೆಗಾಲ ಮುಚ್ಚಿದ್ದ ಮನೆಯ ಗೋಡೆಗೆ ಬೂಷ್ಟು ಹತ್ತಿ, ಬಣ್ಣಕ್ಕೆ ಬೇರೆ ದುಡ್ಡು ಸುರಿದವನು.

ತೆರಿಗೆಯ ವಿಷಯ ಒಂದಿದೆ. ವರ್ಷದ 2,64,000 ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆಯನ್ನೂ, ಉಳಿದುದರಲ್ಲಿ ಶೇ 30ನ್ನೂ ಕಳೆದು, ನಂತರ ಸಾಲದ ಬಡ್ಡಿಯನ್ನು ಕಳೆಯಬಹುದು. ಮೊದಲ ವರ್ಷದ ಬಡ್ಡಿಯೇ 3.37 ಲಕ್ಷದ ಆಸುಪಾಸಿನಲ್ಲಿರುವುದರಿಂದ ಒಂದೂವರೆ ಲಕ್ಷಕ್ಕೂ ಮಿಕ್ಕಿ ನಷ್ಟ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದ ಮಿತಿಯೊಳಗೆ ಈ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ಯಾವುದು ನಿಮಗೆ ಲಾಭವೆಂದು ಎರಡನ್ನೂ ಲೆಕ್ಕ ಹಾಕಿಸಿ, ಅಷ್ಟರೊಳಗೆ ಗೇಟಿಗೆ ಬಾಡಿಗೆಯ ಬೋರ್ಡು ತೂಗುಹಾಕಿ.
– ಮನೆ ಮಾಲೀಕ, ಬೆಂಗಳೂರು