‘ರನ್’ ಅಂದ್ರೆ ಬರೀ ಓಡೋದು ಅಲ್ವಾ?

ತೀರ್ಥಹಳ್ಳಿ ಅಮ್ಮ:
ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ನಿನ್ನೆ ಜಗಲಿಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ‘ದೇ ರನ್ ಎ ಶಾಪ್’ ಅನ್ನೋದಕ್ಕೆ ‘ಅವರು ಅಂಗಡಿ ಓಡುತ್ತಾರೆ’ ಅಂತ ಬರೆದಿದ್ದಾಳೆ. ತಪ್ಪು ಅಂದೆ. ‘ಡಿಕ್ಷನರಿಯಲ್ಲಿ ಓಡು ಅಂತಲೇ ಇದೆಯಲ್ಲಮ್ಮ’ ಅಂದಳು. ಅದೇ ಪುಟದಲ್ಲಿ ನದಿಗೂ ರನ್, ಮೂಗಿಗೂ ರನ್. ಸುಮ್ನೆ ಬಾಯಿಪಾಠ ಮಾಡಿಸೋದು ನನಗೆ ಇಷ್ಟ ಇಲ್ಲ. ಹೇಗೆ ಹೇಳಿಕೊಡಲಿ?

ಸಾಗರದ ಮೇಷ್ಟ್ರು:
ಮೇಡಂ, ಮಗುವನ್ನು ಬೈಯಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದ್ದಾರೆ, ಅಷ್ಟನ್ನೂ ಕಲಿತವರು ಯಾರೂ ಇಲ್ಲ. ರನ್ ಆಗುತ್ತಿರೋದು ಏನು ಅಂತ ಮೊದಲು ನೋಡಲಿ. ತುಂಗೆಯಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ, ಒಗೆದ ಸೀರೆಯ ಬಣ್ಣವಾದರೆ ಬಿಡುತ್ತದೆ, ತಾಳಗುಪ್ಪದ ರೈಲಾದರೆ ಓಡುತ್ತದೆ.

ಮಕ್ಕಳಿಗೆ ಜಾಸ್ತಿ ತೊಡಕಾಗೋದು ಇನ್ನೊಂದು ಕಡೆ. ‘ದ ಪಂಪ್ ಈಸ್ ರನ್ನಿಂಗ್’, ಪಂಪು ಓಡುತ್ತಿದೆ. ‘ಐ ಆಮ್ ರನ್ನಿಂಗ್ ದ ಪಂಪ್’, ಪಂಪು ಓಡಿಸುತ್ತಿದ್ದೇನೆ. ನಾವು ಒಂದು ‘ಇಸು’ ಸೇರಿಸುತ್ತೇವೆ: ಓಡು ಓಡಿಸು, ನಡೆ ನಡೆಸು, ಹರಿ ಹರಿಸು. ಇಂಗ್ಲಿಷಿನಲ್ಲಿ ರನ್ ಎರಡಕ್ಕೂ ಹಾಗೇ ಇರುತ್ತದೆ. ಹಾಗಾಗಿ ರನ್ ಆದಮೇಲೆ ‘ಏನನ್ನು’ ಅಂತ ಕೇಳಿಸಿ. ‘ಅಂಗಡಿಯನ್ನು’ ಅಂತ ಉತ್ತರ ಬಂದರೆ ಅಲ್ಲಿ ‘ಇಸು’ ಬೇಕು, ನಡೆಸುತ್ತಾರೆ.

ಶಿವಮೊಗ್ಗ ಓದುಗ:
ಮೇಷ್ಟ್ರೇ, ಒಂದು ಸೇರಿಸಲಾ? ‘ರನ್ ಎ ಮೈಲ್’ ಅಂದಾಗ ಮುಂದೆ ಮೈಲಿ ಇದ್ದರೂ ಅದು ಓಡೋದೇ. ದೂರ, ರೇಸು ಬಂದರೆ ‘ಇಸು’ ಬೇಡ. ಇನ್ನು ಚುನಾವಣೆಗೆ ನಾವು ನಿಲ್ಲುತ್ತೇವೆ, ಬ್ರಿಟನ್ನಿನವರೂ ‘ಸ್ಟ್ಯಾಂಡ್’ ಅನ್ನುತ್ತಾರೆ, ಅಮೆರಿಕದವರು ಮಾತ್ರ ‘ರನ್’.

ಹೊಸನಗರದ ತೋಟದವರು:
ಅಕ್ಕಾ, ನಮ್ಮ ‘ಹೊಡೆ’ಯಿಂದ ಶುರು ಮಾಡಿ. ಅಡಿಕೆಗೆ ಕೊಳೆ ಬರದ ಹಾಗೆ ಮಳೆಗಾಲದಲ್ಲಿ ಔಷಧಿ ಹೊಡೆಯುತ್ತೇವೆ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಊಟ ಆದಮೇಲೆ ನಿದ್ದೆ ಹೊಡೆಯುತ್ತೇವೆ. ಯಾರಿಗೂ ಏಟು ಬೀಳಲಿಲ್ಲ ಅಲ್ವಾ? ನನ್ನ ಮಗನಿಗೆ ಹೀಗೆ ಹೇಳಿದ ಮೇಲೇ ಇಂಗ್ಲಿಷಿನ ಹೆದರಿಕೆ ಹೋಗಿದ್ದು.

ತೀರ್ಥಹಳ್ಳಿ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಏನನ್ನು’ ಅಂತ ಕೇಳೋದು ಅವಳಿಗೆ ತಕ್ಷಣ ಹಿಡಿಸಿತು. ಅಂಗಡಿ ವಾಕ್ಯ ತಾನೇ ತಿದ್ದಿಕೊಂಡಳು. ಆಮೇಲೆ ತೋಟದ ಕಡೆ ನೋಡಿ ಇನ್ನೊಂದು ಬರೆದಳು: ‘ಮೈ ಅಜ್ಜ ರನ್ಸ್ ದ ಪಂಪ್, ವಾಟರ್ ರನ್ಸ್ ಟು ದ ಟ್ರೀಸ್.’ ಅಜ್ಜ ಓಡಿಸುತ್ತಾರೆ, ನೀರು ಹರಿಯುತ್ತದೆ ಅಂತ ಕೆಳಗೆ ಕನ್ನಡದಲ್ಲೂ ಬರೆದು ಅಜ್ಜನಿಗೆ ಓದಿ ಹೇಳಿದಳು.