ಮನೆಗೆಲ್ಲ ಒಂದೇ ಟ್ರೈಪಾಡ್, ಯಾವುದು?

ಭಾವ: ಎಲ್ಲರೂ ಸೇರಿ ತಗೊಳ್ಳೋಣ ಅಂದಿದ್ದೆವಲ್ಲ, ಈ ಲಿಂಕ್ ನೋಡಿ. ಕಾಲಿಗೆ ಒಂದರೊಳಗೊಂದು ಜಾರುವ ಐದು ಸೆಕ್ಷನ್, ಮಡಿಸಿದರೆ ಬ್ಯಾಗ್ ಒಳಗೇ ಹೋಗುತ್ತದೆ, ಕ್ಯಾಮೆರಾ ಕೂರಿಸಿ ಎಲ್ಲ ಕಡೆಗೂ ತಿರುಗಿಸುವ ಬಾಲ್ ಹೆಡ್ ಜೊತೆಗೇ ಬರುತ್ತದೆ. 8 ಕೆಜಿ ತಡೆಯುತ್ತದಂತೆ. ಆರ್ಡರ್ ಮಾಡಲಾ?

ನಾನು: ಸ್ವಲ್ಪ ತಡೀರಿ ಭಾವ. ಆ ಫೋಟೋದಲ್ಲಿ ನಡುವಿನ ಕಂಬವನ್ನು ಪೂರ್ತಿ ಎತ್ತಿದ್ದಾರೆ ನೋಡಿ, ಅವರು ಹೇಳುವ ಎತ್ತರ ಅದನ್ನೂ ಸೇರಿಸಿ. ಕಂಬ ಮೇಲೆದ್ದರೆ ಕ್ಯಾಮೆರಾ ಒಂಟಿ ಕಾಲಿನ ಮೇಲೆ ನಿಂತ ಹಾಗೇ. 8 ಕೆಜಿ ಅಂದರೆ ಕುಸಿಯದೆ ಹೊರುತ್ತದೆ ಅಂತ, ಅಲುಗದೆ ನಿಲ್ಲುತ್ತದೆ ಅಂತಲ್ಲ. ಅದನ್ನೂ ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಐದು ಸೆಕ್ಷನ್ ಇದ್ದರೆ ಕೊನೆಯದು ಕಡ್ಡಿಯಷ್ಟು ಸಣ್ಣ ಇರುತ್ತದೆ, ಅಲ್ಲಿಂದಲೇ ನಡುಕ ಶುರು.

ಚಿಕ್ಕಪ್ಪ: ನನ್ನ 600 ಎಂಎಂ ಲೆನ್ಸ್‌ಗೆ ಇದು ಆಗುವುದೇ ಇಲ್ಲ. ಚೂರು ಅಲುಗಿದರೂ ಹಕ್ಕಿಯ ಕಣ್ಣು ಮಸುಕು. ಬಾಲ್ ಹೆಡ್ ಸ್ವಲ್ಪ ಸಡಿಲ ಮಾಡಿದರೆ ಲೆನ್ಸ್ ದಪ್ ಅಂತ ಪಕ್ಕಕ್ಕೆ ವಾಲುತ್ತದೆ, ಬೆರಳು ಸಿಕ್ಕಿಕೊಂಡರೆ ಮುಗೀತು. ಭಾರದ ಲೆನ್ಸನ್ನು ಸಮತೋಲದಲ್ಲಿ ಹಿಡಿಯುವ ಗಿಂಬಲ್ ಹೆಡ್ ಬೇಕು.

ಅಕ್ಕ: ಗಿಂಬಲ್ ಇಟ್ಟುಕೊಂಡು ನಾನೇನು ಮಾಡಲಿ ಚಿಕ್ಕಪ್ಪ? ನಾನು ತೆಗೆಯುವುದು ಎಲೆ ಮೇಲಿನ ಹುಳ. ಬಾಲ್ ಹೆಡ್‌ನಲ್ಲಿ ಫ್ರೇಮ್ ಎಲ್ಲ ಕೂರಿಸಿ, ನಾಬ್ ಬಿಗಿ ಮಾಡಿ ಕೈ ಬಿಟ್ಟರೆ ಒಂದು ಎಳೆ ಕೆಳಗಿಳಿಯುತ್ತದೆ, ಫೋಕಸ್ ಹುಳದ ಕಣ್ಣಿನಿಂದ ಕಾಲಿಗೆ ಹೋಗಿರುತ್ತದೆ. ನನಗೆ ಒಂದೊಂದೇ ದಿಕ್ಕು ಬೇರೆ ಬೇರೆ ತಿರುಗುವ ಗೇರ್ ಹೆಡ್ ಸರಿ. ಕ್ಯಾಮೆರಾ ನೆಲಮಟ್ಟಕ್ಕೂ ಇಳಿಯಬೇಕು, ಉದ್ದ ಕಂಬ ಇದ್ದರೆ ಅದೇ ನೆಲಕ್ಕೆ ತಾಗಿ ಅಡ್ಡ ಬರುತ್ತದೆ.

ತಮ್ಮ: ನನ್ನ ವಿಡಿಯೋಗೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಬೇಕು, ಬೇರೆ ಯಾವುದರಲ್ಲಿ ತಿರುಗಿಸಿದರೂ ಜರ್ಕ್ ಬರುತ್ತದೆ.

ಭಾವ: ಹಾಗಾದರೆ ನಾಲ್ಕು ಟ್ರೈಪಾಡ್ ತಗೊಳ್ಳಿ! ಬೆಟ್ಟ ಹತ್ತುವವನು ನಾನು. ಭಾರ ಜಾಸ್ತಿ ಆದರೆ ಅದು ಕಪಾಟಿನಲ್ಲೇ ಕೂರುತ್ತದೆ, ಸುಮ್ನೆ ದುಡ್ಡು ದಂಡ.

ನಾನು: ಕೋಪ ಬೇಡ ಭಾವ. ನಾಲ್ವರಿಗೂ ಬೇರೆ ಆಗಿರುವುದು ಹೆಡ್ ಮಾತ್ರ, ಕಾಲುಗಳಲ್ಲ. ದೊಡ್ಡ ಟ್ರೈಪಾಡ್‌ಗಳಲ್ಲಿ ಸಾಮಾನ್ಯವಾಗಿ ಹೆಡ್ ಕೂರುವುದು 3/8 ಇಂಚಿನ ತಿರುಪಿನ ಮೇಲೆ, ತಿರುಗಿಸಿ ಬಿಚ್ಚಿ ಇನ್ನೊಂದು ಹಾಕಬಹುದು. ಅದಕ್ಕೇ ಹೇಳುತ್ತಿರುವುದು, ದುಡ್ಡು ಸೇರಿಸಿ ಕಾಲು ಮಾತ್ರ ಒಳ್ಳೆಯದು ತಗೊಳ್ಳೋಣ, ಹೆಡ್ ಅವರವರದು. ಆದರೆ ಕ್ಯಾಮೆರಾ ತಳಕ್ಕೆ ಹಾಕಿ ಹೆಡ್‌ಗೆ ಸಿಕ್ಕಿಸುವ ಪಟ್ಟಿ ಇದೆಯಲ್ಲ, ಅದರಲ್ಲಿ ಎಲ್ಲರೂ ಆರ್ಕಾ ಪ್ಲೇಟ್‌ಗೇ ಬರಬೇಕು, ಇಲ್ಲದಿದ್ದರೆ ಒಬ್ಬರ ಕ್ಯಾಮೆರಾ ಇನ್ನೊಬ್ಬರ ಹೆಡ್ ಮೇಲೆ ಕೂರುವುದಿಲ್ಲ. ಕಾರ್ಬನ್ ಫೈಬರ್, ಮೂರು ಅಥವಾ ನಾಲ್ಕು ಸೆಕ್ಷನ್, ಕಂಬ ಇಲ್ಲದ್ದು. ಎತ್ತರ ಕಣ್ಣಿನ ತನಕ ಬೇಕಿಲ್ಲ, ಹೆಡ್ಡು ಕ್ಯಾಮೆರಾ ಸೇರಿದರೆ ಮೇಲೇರುತ್ತದೆ.

ಚಿಕ್ಕಪ್ಪ: ಕಾರ್ಬನ್ ಜೋರಾಗಿ ಬಂಡೆಗೆ ಬಡಿದರೆ ಸೀಳಬಹುದಮ್ಮ. ಅಲ್ಯೂಮಿನಿಯಂ ಆದರೆ ನೆಗ್ಗುತ್ತದೆ ಅಷ್ಟೇ.

ನಾನು: ನೆಗ್ಗಿದ ಕಾಲು ಒಳಗೆ ಜಾರುವುದಿಲ್ಲ ಚಿಕ್ಕಪ್ಪ, ಅದೂ ಕೆಟ್ಟ ಹಾಗೇ. ಕಾರ್ಬನ್ ಹಗುರ, ನಡುಕವೂ ಬೇಗ ಅಡಗುತ್ತದೆ.

ಭಾವ: ಹಗುರ ಇದ್ದರೆ ಗಾಳಿಗೆ? ನಾನು ರಾತ್ರಿ ನಕ್ಷತ್ರಕ್ಕೆ 20 ಸೆಕೆಂಡ್ ಶಟರ್ ತೆರೆದಿಡುತ್ತೇನೆ.

ನಾನು: ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತು ಹಾಕಿ. ಆದರೆ ಬ್ಯಾಗ್ ನೆಲಕ್ಕೆ ಸ್ವಲ್ಪ ತಾಗಿರಲಿ, ಪೂರ್ತಿ ಗಾಳಿಯಲ್ಲಿ ತೂಗಾಡಿದರೆ ಅದೇ ಕ್ಯಾಮೆರಾನ ಅಲುಗಿಸುತ್ತದೆ. 2 ಸೆಕೆಂಡ್ ಟೈಮರ್ ಹಾಕಿ, ದಪ್ಪ ಸೆಕ್ಷನ್ ಮೊದಲು ಎಳೆಯಿರಿ.

ಅಕ್ಕ: ಒಂದು ಮಾತು. ಮರಳಲ್ಲಿ, ಉಪ್ಪು ನೀರಲ್ಲಿ ಇಟ್ಟವರು ಸಿಹಿ ನೀರಲ್ಲಿ ತೊಳೆದು, ಒಣಗಿಸಿಯೇ ಮುಂದಿನವರಿಗೆ ಕೊಡಬೇಕು. ಲಾಕ್‌ನಲ್ಲಿ ಮರಳು ಕರಕರ ಅನ್ನುತ್ತಿದ್ದರೆ ನಾನು ತಗೊಳ್ಳುವುದಿಲ್ಲ.

ಭಾವ: ಸರಿ, ಲಿಂಕ್ ತೆಗೆದೆ. ಕಂಬ ಇಲ್ಲದ್ದು ಹುಡುಕು, ಆದರೆ ನನ್ನ ಬ್ಯಾಗ್ ಪಕ್ಕದಲ್ಲಾದರೂ ಕಟ್ಟುವ ಹಾಗಿರಲಿ.

ಚಿಕ್ಕಪ್ಪ: ಕೊನೆಯ ಸೆಕ್ಷನ್ ಎಷ್ಟು ಎಂಎಂ ದಪ್ಪ ಅಂತಲೂ ನೋಡಿ ಹಾಕು. ಅದು ಗೊತ್ತಾಗದೆ ನಾನು ಹೂಂ ಅನ್ನುವುದಿಲ್ಲ.